ಬಿದ್ದವರ ಕೈಗೆ ಮತ್ತೆ ಕೆಲಸ

ಪ್ರೀತಿಯ ತಂಗಿಗೆ,

ಯೇಸುವಿನ ನಾಮದಲ್ಲಿ ವಂದನೆಗಳು. ‘ಇಷ್ಟೆಲ್ಲ ಆದಮೇಲೆ ವಿಶ್ವಾಸದ ಬಗ್ಗೆ ಬರೆಯೋಕೆ ನನಗೇನು ಯೋಗ್ಯತೆ ಇದೆ, ಅಕ್ಕ?’ ಎಂದು ಕೇಳಿದ್ದೀಯ. ಜೊತೆಗೆ ಕಳಿಸಿದ ಸಾಕ್ಷಿಯನ್ನೂ, ಅಂದರೆ ನೀನು ಬಿದ್ದು ಎದ್ದ ಕಥೆಯ ಬರಹವನ್ನೂ, ಓದಿದೆ.

ಮೊದಲು ಯೋಗ್ಯತೆಯ ಮಾತು. ಯೇಸುವಿನ ಆಪ್ತ ಶಿಷ್ಯ ಪೇತ್ರ, ಯೇಸುವನ್ನು ಬಂಧಿಸಿದ ರಾತ್ರಿ, ಆತ ಯಾರೆಂದೇ ಗೊತ್ತಿಲ್ಲ ಎಂದು ಆಣೆಯಿಟ್ಟು ಹೇಳಿದವನು. ಆ ರಾತ್ರಿಯ ಕಥೆ ನಾಲ್ಕೂ ಸುವಾರ್ತೆಗಳಲ್ಲಿದೆ. ಅಷ್ಟು ದೊಡ್ಡ ಅಪೊಸ್ತಲನ ಮಾನ ಉಳಿಸಲು ಅದನ್ನು ಬಿಟ್ಟುಬಿಡಬಹುದಿತ್ತು, ಅಲ್ವಾ? ಯಾರೂ ಬಿಡಲಿಲ್ಲ. ಪೇತ್ರ ಹೇಳಿದ್ದನ್ನೇ ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆದಿಟ್ಟನು ಎಂಬ ಮಾತು ಕ್ರೈಸ್ತ ಸಭೆಯಲ್ಲಿ 2ನೇ ಶತಮಾನದಿಂದಲೂ ಇದೆ. ಅದು ನಿಜವಾದರೆ ತನ್ನ ಸೋಲನ್ನು ಜನರಿಗೆ ತಿಳಿಸಿದವನು ಪೇತ್ರನೇ.

ಬರೆದುಕೊಂಡವನ ಕಥೆಯನ್ನೂ ನೋಡು. ಆ ಮಾರ್ಕ, ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಬರುವ ಯೋಹಾನ ಮಾರ್ಕನೇ ಎಂದು ಸಭೆಯ ಹಿರಿಯರು ನಂಬಿದ್ದರು. ಅವನು ಅಪೊಸ್ತಲ ಪೌಲ ಮತ್ತು ಅವನ ಜೊತೆಗಾರ ಬಾರ್ನಬರೊಂದಿಗೆ ಹೊರಟ ಸೇವೆಯ ಪ್ರಯಾಣವನ್ನು ಅರ್ಧಕ್ಕೇ ಬಿಟ್ಟು ಊರಿಗೆ ವಾಪಸ್ ಹೋದವನು. ಮುಂದಿನ ಸಲ ಅವನು ಬೇಡವೇ ಬೇಡ ಎಂದು ಪೌಲ ಹಟ ಹಿಡಿದನು. ಬಾರ್ನಬ ಕೇಳಲಿಲ್ಲ. ಇಬ್ಬರೂ ಜಗಳವಾಡಿ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟನು. ಮುಂದೆ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ಬೇಕು ಎನ್ನುತ್ತಾನೆ ಪೌಲ. ನಾವು ಇವತ್ತು ಓದುವ ಸುವಾರ್ತೆ ಇಂಥವರ ಕೈ ದಾಟಿ ಬಂದಿದೆ, ತಂಗಿ. ನಿನ್ನ ಕೈಯನ್ನು ನೀನೇ ಯಾಕೆ ಕಟ್ಟಿಹಾಕಿಕೊಳ್ಳುತ್ತೀಯ?

ಇನ್ನು ನಿನ್ನ ಸಾಕ್ಷಿ. ಬಿದ್ದಿದ್ದಕ್ಕೆ ಒಂದು ಸಾಲು. ಮರುಸಾಲಿನಲ್ಲೇ ‘ದೇವರು ಕ್ಷಮಿಸಿದನು, ಸಮಾಧಾನ ಸಿಕ್ಕಿತು’. ಇಷ್ಟು ಅವಸರ ಬೇಡ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯವನ್ನು ನಿಧಾನವಾಗಿ ಓದು. ಪೇತ್ರ ಅಷ್ಟರಲ್ಲಿ ಸಾವಿನಿಂದ ಎದ್ದುಬಂದ ಯೇಸುವನ್ನು ಕಂಡಿದ್ದನು. ಆದರೂ ಮೀನು ಹಿಡಿಯಲು ಹೋದನು, ರಾತ್ರಿಯೆಲ್ಲ ಏನೂ ಸಿಗಲಿಲ್ಲ. ಬೆಳಗ್ಗೆ ದಡದಲ್ಲಿ ಕೆಂಡದ ಬೆಂಕಿ. ಬಂಧನದ ಆ ರಾತ್ರಿ ಮಹಾಯಾಜಕನ ಅಂಗಳದಲ್ಲಿ ‘ನಾನಲ್ಲ’ ಎಂದಾಗಲೂ ಅವನು ನಿಂತಿದ್ದು ಅಂಥದೇ ಬೆಂಕಿಯ ಹತ್ತಿರ. ಯೇಸು ಮೊದಲು ಊಟ ಕೊಟ್ಟನು, ಮಾತು ಆಮೇಲೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಇನ್ನು ಮುಂದೆ ಮಾಡಲ್ಲ ತಾನೇ ಎಂದೂ ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮಾತ್ರ ಕೇಳಿದನು, ಮೂರು ಸಲ. ಮೂರನೇ ಸಲ ಪೇತ್ರನಿಗೆ ನೋವಾಯಿತು ಎಂದು ಯೋಹಾನ ಸ್ಪಷ್ಟವಾಗಿ ಬರೆದಿದ್ದಾನೆ. ಆ ನೋವು ನಿನ್ನ ಬರಹದಲ್ಲಿ ಇಲ್ಲ. ಕ್ಷಮೆ ಸಿಗುವ ಹೊತ್ತಿನಲ್ಲೂ ನೋಯುತ್ತದೆ ಎಂದು ಓದುಗರಿಗೆ ಹೇಳಬೇಕು. ಇಲ್ಲದಿದ್ದರೆ, ಇನ್ನೂ ನೋಯುತ್ತಿರುವವರು ತಮಗೆ ಕ್ಷಮೆಯೇ ಸಿಕ್ಕಿಲ್ಲ ಅಂದುಕೊಳ್ಳುತ್ತಾರೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಪ್ರತಿ ಉತ್ತರದ ಬೆನ್ನಿಗೇ ಯೇಸು ಕೆಲಸ ಒಪ್ಪಿಸುತ್ತಾನೆ: ನನ್ನ ಕುರಿಗಳನ್ನು ಮೇಯಿಸು. ಪೇತ್ರನ ಮನಸ್ಸು ಪೂರ್ತಿ ಹಗುರವಾಗುವವರೆಗೆ ಕಾಯುವುದಿಲ್ಲ. ನೀನೂ ಕಾಯಬೇಡ. ಬರೆಯುತ್ತಾ ಇರು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ ರಾಜ ದಾವೀದನನ್ನು ದೇವರು ಕ್ಷಮಿಸಿದನು, ಆದರೆ ಊರೀಯ ಸತ್ತಿದ್ದು ಸತ್ತಿದ್ದೇ. 51ನೇ ಕೀರ್ತನೆಯಲ್ಲಿ ದಾವೀದ ಒಂದು ನೆಪವನ್ನೂ ಹೇಳುವುದಿಲ್ಲ. ನಿನ್ನ ಬರಹದಲ್ಲಿ ‘ಪರಿಸ್ಥಿತಿ ಹಾಗಿತ್ತು’ ಎಂದು ಬರುವ ಕಡೆಯೆಲ್ಲ ಗೆರೆ ಎಳೆದಿದ್ದೇನೆ, ತೆಗೆದುಬಿಡು. ನಿನ್ನಿಂದ ನೊಂದವರ ಗುರುತು ಸಿಗುವಂಥ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡ. ದೇವರು ಕ್ಷಮಿಸಿದ ಮಾತ್ರಕ್ಕೆ ಅವರೂ ಇವತ್ತೇ ಕ್ಷಮಿಸಬೇಕೆಂದು ಬರಹದ ಮೂಲಕ ಒತ್ತಾಯ ಮಾಡುವುದು ತಪ್ಪು. ಅವರ ಹತ್ತಿರ ಕ್ಷಮೆ ಕೇಳುವುದಿದ್ದರೆ ಮೊದಲು ಹೋಗಿ ಕೇಳು, ಆಮೇಲೆ ಅಚ್ಚಿಗೆ ಕೊಡು.

ಪ್ರಾರ್ಥನೆ ಮಾಡಲಾಗದೆ ಸುಮ್ನೆ ಕೂತಿದ್ದ ದಿನಗಳ ಬಗ್ಗೆ ಪತ್ರದಲ್ಲಿ ನಾಲ್ಕು ಮಾತು ಬರೆದಿದ್ದೀಯಲ್ಲ, ಸಾಕ್ಷಿಯನ್ನು ಅಲ್ಲಿಂದ ಶುರು ಮಾಡು. ತಿದ್ದಿದ ಪ್ರತಿಯನ್ನು ನನಗೆ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ