ಬಾಲಕಿಯರ ಟೆನಿಸ್ ತರಬೇತಿಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮ್ಮ ಶಾಲೆಯ ಕೆಮ್ಮಣ್ಣಿನ ಟೆನಿಸ್ ಅಂಕಣಗಳಿಗೆ ಹೆಚ್ಚುಕಡಿಮೆ ಶಾಲೆಯಷ್ಟೇ ವಯಸ್ಸಾಗಿದೆ. ಆದರೆ ನನ್ನ ಕೊಠಡಿಯ ಹೊರಗಿರುವ ವಿಜೇತರ ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೆ ಬಾಲಕಿಯರ ಹೆಸರುಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ಭಾರತದ ಆಟಗಾರ್ತಿ ಲೀಲಾ ರಾವ್ ಅವರು 1934ರಲ್ಲೇ ವಿಂಬಲ್ಡನ್ ಸಿಂಗಲ್ಸ್‌ನಲ್ಲಿ ಪಂದ್ಯ ಗೆದ್ದಿರುವಾಗ, ಹೆಣ್ಣುಮಕ್ಕಳಿಗೆ ಆಸಕ್ತಿಯಿಲ್ಲವೆಂದು ಹೇಳಿ ಕೈತೊಳೆದುಕೊಳ್ಳಲಾಗದು. ಬಾಲಕರ ಅಭ್ಯಾಸ ಮುಗಿದು, ಸುಣ್ಣದ ಗೆರೆಗಳೆಲ್ಲ ಅಳಿಸಿಹೋದ ಮೇಲೆ ಉಳಿಯುವ ಅರ್ಧ ಗಂಟೆಯನ್ನು ನಾವು ಬಾಲಕಿಯರಿಗೆ ಕೊಡುತ್ತ ಬಂದೆವು. ಇದು ಶಾಲೆಯದೇ ತಪ್ಪು.

ಈ ಜೂನ್‌ನಿಂದ ಸೋಮವಾರ, ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ 6.30ರಿಂದ 7.45ರವರೆಗೆ ಎರಡೂ ಅಂಕಣಗಳು ಬಾಲಕಿಯರಿಗೆ ಮೀಸಲು. ನೀರು ಚಿಮುಕಿಸಿ, ರೋಲರ್ ಎಳೆದು, ಹೊಸದಾಗಿ ಗೆರೆ ಹಾಕಿದ ಅಂಕಣದ ಮೇಲೆ ಮೊದಲ ಹೆಜ್ಜೆ ಅವರದಾಗಿರುತ್ತದೆ. ಬಾಲಕರ ಅಭ್ಯಾಸ ಸಂಜೆಗೆ ಹೋಗಿದೆಯೇ ಹೊರತು ಕಡಿಮೆಯಾಗಿಲ್ಲ.

ಪೂರ್ಣ ಅಂಕಣದ ಉದ್ದ 23.77 ಮೀಟರ್, ನಾಲ್ಕನೇ ತರಗತಿಯ ಮಗುವಿಗೆ ಅದು ಹೆಚ್ಚಾಗುತ್ತದೆ. ಆದ್ದರಿಂದ ಚಿಕ್ಕವರು 18 ಮೀಟರಿನ ಅಂಕಣದಲ್ಲಿ, ವೇಗ ಅರ್ಧದಷ್ಟಿರುವ ಕಿತ್ತಳೆ ಚೆಂಡಿನಿಂದ ಆರಂಭಿಸಿ, ಬಳಿಕ ವೇಗ ಶೇ. 25ರಷ್ಟು ಕಡಿಮೆಯಿರುವ ಹಸಿರು ಚುಕ್ಕೆಯ ಚೆಂಡಿಗೆ ಬರುತ್ತಾರೆ. (ಮಾಮೂಲಿ ವೇಗದ ಹಳದಿ ಚೆಂಡು ಯಾವಾಗ ಕೊಡುತ್ತೀರಿ ಎಂದು ಮಕ್ಕಳಿಗಿಂತ ಹೆಚ್ಚಾಗಿ ಅಪ್ಪಂದಿರೇ ಕೇಳುತ್ತಾರೆ, ದಯವಿಟ್ಟು ಸ್ವಲ್ಪ ತಾಳ್ಮೆಯಿರಲಿ.) ರ‍್ಯಾಕೆಟ್‌ಗಳನ್ನು ಶಾಲೆಯೇ ಒದಗಿಸುತ್ತದೆ. ಸ್ಕರ್ಟ್ ಕಡ್ಡಾಯವಲ್ಲ, ಟ್ರ್ಯಾಕ್ ಪ್ಯಾಂಟ್ ಸಾಕು. ಮುಟ್ಟಿನ ದಿನಗಳಲ್ಲಿ ವಿಶ್ರಾಂತಿ ಬೇಕೆಂದರೆ ಕಾರಣ ಕೇಳುವುದಿಲ್ಲ. ಅಭ್ಯಾಸದ ವೇಳೆ ಶಿಕ್ಷಕಿಯೊಬ್ಬರು ಸದಾ ಹಾಜರಿರುತ್ತಾರೆ.

ಬಿಸಿಲಿಗೆ ಮಗಳು ಕಪ್ಪಾಗುತ್ತಾಳೆಂದು ಕೆಲವು ತಾಯಂದಿರು ನನ್ನೊಡನೆ ಅಳುಕುತ್ತಲೇ ಹೇಳಿದ್ದಾರೆ. ಇಂಥದೇ ಮಾತನ್ನು ತಾವೂ ಚಿಕ್ಕಂದಿನಲ್ಲಿ ಕೇಳಿದ್ದಾಗಿ ಸಾನಿಯಾ ಮಿರ್ಜಾ ಹೇಳಿಕೊಂಡಿದ್ದಾರೆ. 2015ರಲ್ಲಿ ಅವರು ವಿಂಬಲ್ಡನ್ ಮಹಿಳೆಯರ ಡಬಲ್ಸ್ ಪ್ರಶಸ್ತಿ ಗೆದ್ದರು. ಎಳೆ ಬಿಸಿಲಿನ ಹೊತ್ತನ್ನೇ ನಾವು ಆರಿಸಿಕೊಂಡಿದ್ದೇವೆ, ಟೋಪಿಯನ್ನು ಕೊಟ್ಟು ಕಳುಹಿಸಿದರೆ ಸಾಕು.

ನನಗೆ ಹೆಚ್ಚು ಚಿಂತೆಯಿರುವುದು ಒಂಬತ್ತನೇ ತರಗತಿಯ ಬಗ್ಗೆ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಎಸ್‌ಎಸ್‌ಎಲ್‌ಸಿ ತಯಾರಿಗಾಗಿ ಟೆನಿಸ್ ಬಿಡುತ್ತಿರುವುದಾಗಿ ಮನೆಯಿಂದ ಪತ್ರ ತಂದು, ಶಾಲೆಯ ರ‍್ಯಾಕೆಟನ್ನು ನನ್ನ ಮೇಜಿನ ಮೇಲಿಟ್ಟಳು. ಅದರ ಹಿಡಿಕೆಗೆ ಆಗತಾನೇ ಹೊಸ ಗ್ರಿಪ್ ಸುತ್ತಿದ್ದಳು. ಹತ್ತನೇ ತರಗತಿಯವರು ವಾರಕ್ಕೊಂದು ದಿನ ಬಂದರೂ ಅವರ ಸ್ಥಾನವನ್ನು ಉಳಿಸಿಕೊಡುತ್ತೇವೆ. ಬಿಡಿಸುವ ನಿರ್ಧಾರಕ್ಕೆ ಮೊದಲು ಒಮ್ಮೆ ನನ್ನನ್ನು ಭೇಟಿಯಾಗಬೇಕೆಂದು ಕೋರುತ್ತೇನೆ.

ಲಗತ್ತಿಸಿದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಬರುವ ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ