ಎರಡನೇ ಬುಧವಾರ ರಾತ್ರಿ ನೆಟ್ ಯಾಕೆ ನಿಲ್ಲುತ್ತದೆ?

ಮೂಡಿಗೆರೆ, ಆಲ್ದೂರು ಸುತ್ತಿನ ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳಿಂದ ಒಂದು ಬದಲಾವಣೆ ಇದೆ. ಪ್ರತಿ ತಿಂಗಳು ಎರಡನೇ ಬುಧವಾರ ನೀವು ಮಲಗಿದ ಮೇಲೆ, ಅಂದರೆ ರಾತ್ರಿ 1ರಿಂದ 2 ಗಂಟೆಯೊಳಗೆ, ನೆಟ್ ನಿಲ್ಲಬಹುದು. ಅವತ್ತು ಸಂಜೆ 5ರ ನಂತರ ಹೊಸ ಕನೆಕ್ಷನ್ ಕೊಡುವುದಿಲ್ಲ, ಪ್ಲಾನ್ ಕೂಡ ಬದಲಾಯಿಸುವುದಿಲ್ಲ. ಸುಮ್ನೆ ಒಂದು ಮೆಸೇಜ್ ಹಾಕಿ ಮುಗಿಸಬಹುದಿತ್ತು. ಆದರೆ ತಪ್ಪು ನಮ್ಮಿಂದ ಶುರುವಾದದ್ದು, ಹಾಗಾಗಿ ವಿವರವಾಗಿಯೇ ಹೇಳುತ್ತೇವೆ.

ಕಳೆದ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ, ನೆನಪಿದೆ ಅಲ್ವಾ? ನಮ್ಮ ಕಚೇರಿಯ ಬ್ಯಾಟರಿ ಪೂರ್ತಿ ಇಳಿದು, ಓಎಲ್‌ಟಿ ಅನ್ನುವ, ಎಲ್ಲ ಮನೆಗೂ ನೆಟ್ ಕಳಿಸುವ ಮುಖ್ಯ ಮಷೀನ್ ಆಫ್ ಆಯಿತು. ಕರೆಂಟ್ ಬಂದ ಮೇಲೆ ಮಷೀನ್ ಸರಿಯಾಗಿಯೇ ಎದ್ದಿತು. ಆದರೆ ಹಿಂದಿನ ಮೂರು ವಾರದಲ್ಲಿ ಕನೆಕ್ಷನ್ ತಗೊಂಡವರ ಮನೆಗೆ ಮಾತ್ರ ನೆಟ್ ಬರಲಿಲ್ಲ. ನಮ್ಮ ಹುಡುಗರು ಆ ಮಳೆಯಲ್ಲಿ ಫೈಬರ್ ಕಟ್ ಆಗಿದೆ ಅಂತ ಕಂಬ ಕಂಬ ಹುಡುಕಿದರು. ಫೈಬರ್ ಚೆನ್ನಾಗಿಯೇ ಇತ್ತು. ಆ ಮನೆಗಳ ಲೆಕ್ಕವೇ ಮಷೀನಿನಲ್ಲಿ ಇರಲಿಲ್ಲ!

ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಣ್ಣು ತೂಗುವಾಗ ಯಾರು ಎಷ್ಟು ಕೆ.ಜಿ. ಕುಯ್ದರು ಅಂತ ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ. ಸಂಜೆ ಅದು ಪುಸ್ತಕಕ್ಕೆ ಏರಬೇಕು. ಅಷ್ಟರೊಳಗೆ ಚೀಟಿ ನೆನೆದರೆ ಆ ದಿನದ ಲೆಕ್ಕ ಹೋಯಿತು. ಓಎಲ್‌ಟಿಯಲ್ಲೂ ಹೀಗೇ. ನಾವು ಮಾಡಿದ ಬದಲಾವಣೆ ಕೂಡಲೇ ಕೆಲಸ ಮಾಡುತ್ತದೆ, ಆದರೆ ಅದು ಇರುವುದು ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ, ಅಂದರೆ ರ್‍ಯಾಮ್‌ನಲ್ಲಿ. ಸೇವ್ ಕೊಟ್ಟರೆ ಮಾತ್ರ ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್‌ಗೆ ಹೋಗಿ ಉಳಿಯುತ್ತದೆ. ನಾವು ಮೂರು ವಾರ ಸೇವ್ ಮಾಡಿರಲಿಲ್ಲ.

ಆ ಲೆಕ್ಕದಲ್ಲಿ ಏನಿರುತ್ತದೆ ಅಂದರೆ, ನಿಮ್ಮ ಮನೆಯ ಬಾಕ್ಸಿನ ಸೀರಿಯಲ್ ನಂಬರ್, ಅದು ಯಾವ ಪೋರ್ಟಿನಲ್ಲಿದೆ, ಎಷ್ಟು ಸ್ಪೀಡ್ ಅನ್ನುವುದು. ಒಂದು ಪೋರ್ಟಿನ ಬೆಳಕು ಸ್ಪ್ಲಿಟರ್‌ನಲ್ಲಿ ಒಡೆದು 64 ಮನೆವರೆಗೂ ಹೋಗಬಹುದು. ಯಾವ ಡೇಟಾ ಯಾರ ಮನೆಯದು ಅಂತ ಗುರುತಿಸುವುದು ಈ ಲೆಕ್ಕದಿಂದಲೇ. ಅದಕ್ಕೇ ಪಕ್ಕದ ಮನೆಯ ಬಾಕ್ಸ್ ತಂದು ನೀವೇ ಹಾಕಿಕೊಂಡರೆ ನೆಟ್ ಬರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ದಿನಾ ಸಂಜೆ ಸೇವ್ ಮಾಡುತ್ತೇವೆ. ಅದರ ಒಂದು ಪ್ರತಿ ಕಚೇರಿಯ ಕಂಪ್ಯೂಟರಿಗೆ, ಇನ್ನೊಂದು ಚಿಕ್ಕಮಗಳೂರಿಗೆ ಹೋಗುತ್ತದೆ. ಪ್ರತಿಯನ್ನೂ ಅದೇ ಮಷೀನಿನಲ್ಲಿ ಇಟ್ಟುಕೊಂಡರೆ ಸಿಡಿಲು ಬಡಿದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಈ ಫೈಲುಗಳಲ್ಲಿ ಕೆಲವರ ಲಾಗಿನ್ ಪಾಸ್‌ವರ್ಡ್ ಕೂಡ ಇರುವುದರಿಂದ ಲಾಕ್ ಮಾಡಿಯೇ ಇಡುತ್ತೇವೆ.

ಇನ್ನು ಬುಧವಾರದ ವಿಷಯ. ಹೊಸ ಸಾಫ್ಟ್‌ವೇರ್ ಇದ್ದರೆ ಅವತ್ತು ಮಷೀನಿಗೆ ಹಾಕುತ್ತೇವೆ. ಮಷೀನಿನಲ್ಲಿ ಸಾಫ್ಟ್‌ವೇರ್‌ಗೆ ಎರಡು ಜಾಗ ಇವೆ. ಹೊಸದನ್ನು ಒಂದರಲ್ಲಿ ಹಾಕಿ, ಹಳೆಯದನ್ನು ಅದರ ಲೆಕ್ಕದ ಸಮೇತ ಇನ್ನೊಂದರಲ್ಲಿ ಬಿಡುತ್ತೇವೆ. ಹೊಸ ಸಾಫ್ಟ್‌ವೇರ್ ಲೆಕ್ಕವನ್ನು ತನ್ನ ರೀತಿಗೆ ಬದಲಾಯಿಸಿಕೊಳ್ಳುತ್ತದೆ. ಹಾಗೆ ಬದಲಾದದ್ದನ್ನು ಹಳೆಯದು ಓದಲಾರದು. ಏನಾದರೂ ಎಡವಟ್ಟಾದರೆ ಹಿಂದಿನ ಲೆಕ್ಕಕ್ಕೇ ವಾಪಸ್ ಹೋಗಬೇಕು. ಪ್ರತಿ ತೆಗೆದ ಮೇಲೆ ಕೊಟ್ಟ ಕನೆಕ್ಷನ್ ಅದರಲ್ಲಿ ಇರುವುದಿಲ್ಲ, ಅದಕ್ಕೇ ಸಂಜೆ 5ರ ಗಡುವು.

ಹೊಸ ಸಾಫ್ಟ್‌ವೇರ್ ಇಲ್ಲದ ತಿಂಗಳಲ್ಲೂ ಒಮ್ಮೆ ರೀಸ್ಟಾರ್ಟ್ ಮಾಡಿ ಎಲ್ಲ ಮನೆಗಳೂ ವಾಪಸ್ ಬಂದವಾ ಅಂತ ನೋಡುತ್ತೇವೆ. ಹತ್ತು ನಿಮಿಷದ ಕೆಲಸ. ವಾರಾಂತ್ಯದಲ್ಲಿ ಹೋಂಸ್ಟೇಗಳಿಗೆ ಜನ ಜಾಸ್ತಿ, ಅದಕ್ಕೆ ಬುಧವಾರ. ರಾತ್ರಿ ಪಾಳಿಯಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ತೊಂದರೆಯೇ, ಗೊತ್ತು. ನಿಮ್ಮ ನಂಬರ್ ಕೊಡಿ, ಎರಡು ದಿನ ಮೊದಲೇ ಫೋನ್ ಮಾಡಿ ಹೇಳುತ್ತೇವೆ.

ಗುರುವಾರ ಬೆಳಿಗ್ಗೆ ನೆಟ್ ಬಂದಿಲ್ಲ ಅಂದರೆ ಬಾಕ್ಸಿನ ದೀಪ ನೋಡಿ ನಮಗೆ ಹೇಳಿ. ಲಾಸ್ (LOS) ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ತಲುಪುತ್ತಿಲ್ಲ, ಹುಡುಗರು ಲೈನ್ ನೋಡಲು ಬರುತ್ತಾರೆ. ಪಾನ್ (PON) ದೀಪ ಹಸಿರಾಗಿ ಮಿನುಗುತ್ತಲೇ ಇದ್ದರೆ ಲೆಕ್ಕದಲ್ಲಿ ನಿಮ್ಮ ಮನೆ ಬಿಟ್ಟುಹೋಗಿರಬಹುದು. ಅದನ್ನು ಕಚೇರಿಯಿಂದಲೇ ಸರಿಮಾಡುತ್ತೇವೆ.

ಇಂತಿ,
ನಿಮ್ಮ ಇಂಟರ್ನೆಟ್ ಕಚೇರಿಯವರು, ಮೂಡಿಗೆರೆ