ಜ್ವಾಲಾಮುಖಿ ಸಾಕು, ರೈಲು ಓಡಿಸಿ

ಸಂಪಾದಕರೇ,

ಶಾಲೆಗಳ ವಿಜ್ಞಾನ ಮೇಳ ಅಂದರೆ ಈಗಲೂ ಅಡುಗೆ ಸೋಡಾದ ಜ್ವಾಲಾಮುಖಿಯೇ. ಸಾಕಲ್ವಾ? ನಮ್ಮ ಅಂಗಳದಲ್ಲಿ ಮೊಮ್ಮಗಳ ಆಟದ ರೈಲು ಗೇಟು ಬಂದಾಗ ತಾನೇ ಸಿಳ್ಳೆ ಹಾಕುತ್ತದೆ. ಎಂಜಿನ್ ಅಡಿಯಲ್ಲಿ ರೀಡ್ ಸ್ವಿಚ್ ಇದೆ. ಸಣ್ಣ ಗಾಜಿನ ಕೊಳವೆ, ಒಳಗೆ ಕೂದಲೆಳೆ ಅಂತರದಲ್ಲಿ ಎರಡು ತೆಳು ಲೋಹದ ಪಟ್ಟಿ. ಹಳಿಗಳ ನಡುವೆ ಅಂಟಿಸಿದ ಅಯಸ್ಕಾಂತದ ಮೇಲೆ ಬಂದಾಗ ಪಟ್ಟಿಗಳು ಕೂಡಿಕೊಳ್ಳುತ್ತವೆ, ಸದ್ದು ಬರುತ್ತದೆ. ಅಯಸ್ಕಾಂತವನ್ನು ಗೇಟಿಗಿಂತ ಸ್ವಲ್ಪ ಮೊದಲೇ ಇಡಬೇಕು, ನಿಜವಾದ ಹಳಿ ಪಕ್ಕದಲ್ಲಿ, ಮುಂದೆ ಗೇಟಿದೆ, ಸಿಳ್ಳೆ ಹಾಕು ಎಂದು ಚಾಲಕನಿಗೆ ಹೇಳುವ ಹಳದಿ ‘ಡಬ್ಲ್ಯು/ಎಲ್’ ಫಲಕದ ಹಾಗೆ. ನಮ್ಮ ಮಳೆಗೆ ಅಯಸ್ಕಾಂತ ತುಕ್ಕು ಹಿಡಿಯದಿರಲಿ ಅಂತ ಹುಡುಗಿ ನೇಲ್ ಪಾಲಿಶ್ ಬಳಿದಿದ್ದಾಳೆ, ಅಮ್ಮನದ್ದೇ! ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರದವರು ಬೇಸಿಗೆ ರಜೆಯಲ್ಲಿ ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಲಿ. ಖರ್ಚೇನೂ ಜಾಸ್ತಿ ಇಲ್ಲ.

– ನಿವೃತ್ತ ಶಿಕ್ಷಕ, ಸುರತ್ಕಲ್